ತಾತನ ರ‍್ಯಾಲಿ ಸೈಕಲ್ಲಿನಲ್ಲೇ ಹೊರಡಿ, ಮೊದಲು ಕಾಟರ್ ಪಿನ್ ನೋಡಿ

ನಮಸ್ಕಾರ ಅಣ್ಣಾ. ಮೈಸೂರಿಂದ ಸೋಮನಾಥಪುರ, ತಲಕಾಡು, ಶಿವನಸಮುದ್ರ, ಮಂಡ್ಯ ಸುತ್ತಿ ಮೂರು ದಿನದಲ್ಲಿ ವಾಪಸ್ಸು. ಜೊತೆಯವರದ್ದೆಲ್ಲ ಗೇರ್ ಸೈಕಲ್. ತಾತನ ರ‍್ಯಾಲಿ ತರಲಾ, ಬಾಡಿಗೆ ಸೈಕಲ್ ತರಲಾ ಅಂತ ಕೇಳಿದ್ದೀರಿ. ತಾತನ ಸೈಕಲ್ಲೇ ತನ್ನಿ. ಅಪ್ಪನ ಹರ್ಕ್ಯುಲಿಸ್‌ನಲ್ಲಿ ನಾನು ಇದೇ ಸುತ್ತು ಎರಡು ಸಲ ಮುಗಿಸಿದ್ದೇನೆ. 28 ಇಂಚಿನ ಚಕ್ರ ಹಳ್ಳಿ ರಸ್ತೆಯ ಗುಂಡಿಗಳನ್ನು ಚೆನ್ನಾಗಿ ನುಂಗುತ್ತದೆ.

ಆದರೆ ಕಾಟರ್ ಪಿನ್ ವಿಷಯ ಸುಮ್ನೆ ಬಿಡಬೇಡಿ. ಪೆಡಲ್ ಕೂರುವ ಕಬ್ಬಿಣದ ತೋಳನ್ನು (ಕ್ರ್ಯಾಂಕ್) ನಡುವಿನ ಅಚ್ಚಿಗೆ ಬಿಗಿಯುವ ಬೆಣೆ ಅದು. ಪೆಡಲ್ ಒಂದು ಸುತ್ತು ಬರುವಾಗ ಒಂದು ಸಲ ‘ಕಟಕ್’ ಅಂದರೆ ಪಿನ್ ಸಡಿಲ ಆಗಿದೆ ಅಂತ ಅರ್ಥ. ಮೊದಲ ಸಲ ಆ ಸದ್ದು ಕೇಳಿಯೂ ನಾನು ತುಳಿದುಕೊಂಡೇ ಹೋದೆ. ಮಳವಳ್ಳಿ ಹತ್ತಿರ ಪಿನ್ ಸವೆದು, ಎಡಗಡೆ ಪೆಡಲ್ ಓಲಾಡಲು ಶುರುವಾಯಿತು. ಬರೀ ನಟ್ಟು ಬಿಗಿ ಮಾಡಿದರೆ ಸಾಲದು, ನಟ್ಟಿಗೆ ಪಿನ್ ಎಳೆದು ಕೂರಿಸುವ ಶಕ್ತಿ ಇಲ್ಲ. ಕ್ರ್ಯಾಂಕಿನ ಕೆಳಗೆ ದಪ್ಪ ಕಬ್ಬಿಣದ ತುಂಡು ಕೊಟ್ಟು, ಪಿನ್ನಿನ ತಲೆಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಕು, ಆಮೇಲೆ ನಟ್ಟು. ಕೆಳಗೆ ಆಸರೆ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಬೇರಿಂಗ್ ಗುಂಡುಗಳಿಗೆ ಬೀಳುತ್ತದೆ. ಹೊಸ ಪಿನ್ ತರುವಾಗ ಹಳೆಯದನ್ನು ಜೊತೆಗೆ ಒಯ್ದು ಹೋಲಿಸಿ, ಸೈಜ್ ಬೇರೆ ಬೇರೆ ಇರುತ್ತದೆ. ಎರಡು ಪಿನ್ ಜಾಸ್ತಿ ಇಟ್ಟುಕೊಳ್ಳಿ. ಹಾಕಿಸಿದ ಮೇಲೆ 20 ಕಿಲೋಮೀಟರ್ ತುಳಿದು, ಮತ್ತೊಮ್ಮೆ ಹೊಡೆದು ಬಿಗಿ ಮಾಡಿ.

ಕೇಬಲ್ ಬದಲು ಕಬ್ಬಿಣದ ಸರಳಿಂದ ಎಳೆಯುವ ರಾಡ್ ಬ್ರೇಕಿಗೆ ಚಕ್ರ ನೇರ ಇರಲೇಬೇಕು. ಬೆಂಡ್ ಇದ್ದರೆ ತೆಗೆಸಿ. ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದು ತುಂಬ ತಡ. ಮಳೆ ಬಂದಾಗ ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಮೆಲ್ಲಗೆ ಒತ್ತಿ, ರಿಮ್ಮಿನ ನೀರು ಒರೆಸಿಕೊಳ್ಳಿ. ಶಿವನಸಮುದ್ರದ ಬ್ಲಫ್ ಹತ್ತಿರದ ಇಳಿಜಾರಲ್ಲಿ ನಂಬಿಕೆ ಬರಲಿಲ್ಲ ಅಂದರೆ ಇಳಿದು ನಡೆಯಿರಿ.

ಗೇರ್ ಇಲ್ಲ ಅನ್ನುವ ಚಿಂತೆಗೆ ಸುಲಭದ ದಾರಿ ಇದೆ. ನನ್ನದರಲ್ಲಿ ಚೈನು ಸುತ್ತುವ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ (ಫ್ರೀವೀಲ್) 18 ಇತ್ತು. ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿಸಿದೆ, ಏರಲ್ಲಿ ಮಂಡಿ ನೋವು ಹೋಯಿತು. ಸಮತಟ್ಟು ರಸ್ತೆಯಲ್ಲಿ ವೇಗ ಸ್ವಲ್ಪ ಕಡಿಮೆ ಆಗುತ್ತದೆ, ಅಷ್ಟೇ. ಚೈನು ಹಳೆಯದಾದರೆ ಅಳೆದು ನೋಡಿ: ಹೊಸದರಲ್ಲಿ 24 ಕೊಂಡಿ ಸರಿಯಾಗಿ 12 ಇಂಚು ಬರುತ್ತದೆ. ಕಾಲಿಂಚಿನ ಅರ್ಧದಷ್ಟು ಜಾಸ್ತಿ ಬಂದರೆ ಬದಲಾಯಿಸಿ.

ಜೊತೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಏರಲ್ಲಿ ನಿಮ್ಮನ್ನು ಮುಂದೆ ಬಿಡಬೇಕು. ಅವರು ಸಣ್ಣ ಗೇರಲ್ಲಿ ನಿಧಾನ ಹತ್ತುತ್ತಾರೆ, ಅವರ ಹಿಂದೆ ಸಿಕ್ಕಿಕೊಂಡರೆ ನಿಮ್ಮ ಓಟ ಸತ್ತುಹೋಗುತ್ತದೆ. ಹತ್ತಲಾಗದಿದ್ದರೆ ತಳ್ಳಿಕೊಂಡು ಹೋಗಿ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೊರಟು, ಮುಂದಿನ ಊರಿನ ಟೀ ಅಂಗಡಿಯಲ್ಲಿ ಸೇರಿ.

ಒಕ್ಕಣೆ ಕಾಲದಲ್ಲಿ ಹೋದರೆ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಬೇಡಿ. ರೈತರ ಕಾಳು ಅದು, ಅಲ್ವಾ? ಹುರುಳಿ ಬಳ್ಳಿ ಚೈನಿಗೂ ಫ್ರೀವೀಲಿಗೂ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ.

ಮಂಡ್ಯದಿಂದ ವಾಪಸ್ ಬರುವಾಗ ಸರ್ವಿಸ್ ರಸ್ತೆಯಲ್ಲೇ ಬನ್ನಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ.

ಚರ್ಮದ ಸೀಟಾದರೆ ಮಳೆಗೆ ಒಂದು ಪ್ಲಾಸ್ಟಿಕ್ ಕವರ್ ಇರಲಿ. ಪಂಕ್ಚರ್ ಸಾಮಾನಿನ ಜೊತೆ ಒಂದಷ್ಟು ವಾಲ್‌ಟ್ಯೂಬ್ (ಗಾಳಿ ತುಂಬುವ ವಾಲ್ವಿನ ಸಣ್ಣ ರಬ್ಬರ್ ಕೊಳವೆ) ಮರೀಬೇಡಿ. ನನ್ನ ಹತ್ತಿರ ಇನ್ನೊಂದು 20 ಹಲ್ಲಿನ ಫ್ರೀವೀಲ್ ಇದೆ, ಬೇಕಾದರೆ ಹೇಳಿ, ಹೊರಡುವ ಮೊದಲು ತಂದುಕೊಡುತ್ತೇನೆ.