ರಿವರ್ಸ್ ಕ್ಯಾಮೆರಾ: ವೈರು ಎಳೆಯುವುದು ಸುಲಭ, ನೀರು ತಡೆಯುವುದೇ ಕೆಲಸ

ಪ್ರಶ್ನೆ: ನನ್ನದು ಹಳೇ ಓಮ್ನಿ. ಸಣ್ಣ ಕಾಫಿ ತೋಟ ಇದೆ. ಗೊಬ್ಬರವೋ ಕಾಫಿ ಮೂಟೆಯೋ ತುಂಬಿದರೆ ಒಳಗಿನ ಕನ್ನಡಿಯಲ್ಲಿ ಹಿಂದಿನದು ಏನೂ ಕಾಣುವುದಿಲ್ಲ. ಕಣದ ಹತ್ತಿರ ಕೆಲಸದವರ ಮಕ್ಕಳು ಆಡುತ್ತಿರುತ್ತಾರೆ. ರಿವರ್ಸ್ ತೆಗೆಯುವಾಗ ಭಯ. ಕ್ಯಾಮೆರಾ, ಐದಿಂಚಿನ ಸ್ಕ್ರೀನ್ ತರಿಸಿಟ್ಟಿದ್ದೇನೆ. ನಾನೇ ಹಾಕಿಕೊಳ್ಳಬಹುದಾ ಸಾರ್?
– ಒಬ್ಬ ಓದುಗರು, ಮೂಡಿಗೆರೆ

ಉತ್ತರ: ಧಾರಾಳವಾಗಿ ಹಾಕಿಕೊಳ್ಳಿ. ಓಮ್ನಿಯ ವೈರಿಂಗ್ ಸರಳ. ಹಿಂದೆ ರಿವರ್ಸ್ ಲೈಟ್ ಹತ್ತಿದಾಗ ಕ್ಯಾಮೆರಾಕ್ಕೂ ಕರೆಂಟ್ ಹೋಗಬೇಕು, ಮುಂದೆ ಸ್ಕ್ರೀನ್ ಹತ್ತಬೇಕು, ಇಷ್ಟೇ. ಆದರೆ ನಿಮ್ಮದು ಮೂಡಿಗೆರೆ ಮಳೆ. ಹಾಸನದಲ್ಲಿ ನನ್ನ ಹತ್ತಿರ ಬರುವ 'ಕೆಟ್ಟ' ಕ್ಯಾಮೆರಾಗಳಲ್ಲಿ ಬಹಳಷ್ಟು ಕೆಟ್ಟೇ ಇರುವುದಿಲ್ಲ. ಜಾಯಿಂಟಿಗೆ ನೀರಿಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ. ಹಾಗಾಗಿ ನೀರಿನ ವಿಷಯವನ್ನೇ ಜಾಸ್ತಿ ಹೇಳುತ್ತೇನೆ.

ಮೊದಲು ಜಾಗ ನೋಡಿಕೊಳ್ಳಿ. ಡ್ರಿಲ್ಲಿಂಗ್ ಮೆಷಿನ್ ಈಗಲೇ ಕೈಗೆತ್ತಿಕೊಳ್ಳಬೇಡಿ. ನಂಬರ್ ಪ್ಲೇಟಿನ ಸ್ಕ್ರೂಗೇ ಕೂರಿಸುವ ಪಟ್ಟಿ ಕೆಲವು ಕ್ಯಾಮೆರಾಗಳ ಜೊತೆ ಬರುತ್ತದೆ. ಹೊಸ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಸಿದ್ದರೆ ಅದು ಆಗುವುದಿಲ್ಲ. ಆ ಪ್ಲೇಟಿಗಿರುವುದು ಒಂದು ಸಲ ಕೂರಿಸಿದರೆ ಬಿಚ್ಚಲು ಬರದ ಲಾಕ್. ಪ್ಲೇಟಿನ ಅಕ್ಷರ, ಹಾಲೋಗ್ರಾಂ ಯಾವುದನ್ನೂ ಮುಚ್ಚಬಾರದು. ಓಮ್ನಿಯ ಹಿಂಭಾಗ ಚಪ್ಪಟೆ ಅಲ್ವಾ, ಕ್ಯಾಮೆರಾವನ್ನು ಡಿಕ್ಕಿ ಬಾಗಿಲಲ್ಲಿ ಎತ್ತರಕ್ಕೆ ಕೂರಿಸಿ ಸ್ವಲ್ಪ ಕೆಳಕ್ಕೆ ಬಾಗಿಸುವುದು ನನಗೆ ಇಷ್ಟ. ಅಲ್ಲಿ ಕೆಸರು ಕಡಿಮೆ ಸಿಡಿಯುತ್ತದೆ, ಬಂಪರಿನ ಅಂಚೂ ಚಿತ್ರದಲ್ಲಿ ಬರುತ್ತದೆ. ಬಂಪರ್ ಅಂಚು ಕಾಣಲೇಬೇಕು. ಅದು ಕಾಣದಿದ್ದರೆ ಗಾಡಿಗೆ ಒತ್ತಿ ಕೂತ ಮಗು ಕಾಣುವುದಿಲ್ಲ.

ಕ್ಯಾಮೆರಾವನ್ನು ಟೇಪಿನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಸ್ಕ್ರೀನಿಗೆ ಜೋಡಿಸಿ, ಎರಡಕ್ಕೂ ಸದ್ಯಕ್ಕೆ ಕರೆಂಟ್ ಕೊಡಿ. ಮನೆಯವರ ಹತ್ತಿರ ಒಂದು ಬಕೆಟ್ ಕೊಟ್ಟು ಬಂಪರಿನ ಎಡ ಮೂಲೆ, ಬಲ ಮೂಲೆ, ನಡುವೆ ಇಡಿಸಿ ನೋಡಿ. ಮೂರೂ ಕಡೆ ಕಂಡ ಮೇಲೆ ಗುರುತು ಹಾಕಿ. ಚಿತ್ರದಲ್ಲಿ ಎಡ ಬಲ ಅದಲುಬದಲಾಗಿದೆಯೇ ಅಂತ ಆಗಲೇ ನೋಡಿಬಿಡಿ. ಎಡಗಡೆ ಇಟ್ಟ ಬಕೆಟ್ ಸ್ಕ್ರೀನಿನಲ್ಲೂ ಎಡಗಡೆಯೇ ಕಾಣಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ತಿರುಗಿದ್ದರೆ ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೇ ಬಿಟ್ಟ ಸಣ್ಣ ವೈರಿನ ಕುಣಿಕೆ ಇರುತ್ತದೆ, ಕತ್ತರಿಸಿದರೆ ಚಿತ್ರ ತಿರುಗುತ್ತದೆ. ಸ್ಕ್ರೀನಿನಲ್ಲಿ ದೂರ ತೋರಿಸುವ ಬಣ್ಣದ ಗೆರೆಗಳನ್ನು ತೆಗೆಯುವ ಕುಣಿಕೆಯೂ ಪಕ್ಕದಲ್ಲೇ ಇರಬಹುದು. ಯಾವ ಬಣ್ಣ ಯಾವುದಕ್ಕೆ ಅಂತ ಜೊತೆಗೆ ಬಂದ ಚೀಟಿ ನೋಡಿಯೇ ಕತ್ತರಿ ಹಾಕಿ.

ಈಗ ಕರೆಂಟ್. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ರಿವರ್ಸ್ ಗೇರ್ ಹಾಕಿ. ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಹತ್ತುವ ಸಣ್ಣ ದೀಪ) ಹಿಡಿದು ಹಿಂದಿನ ಲೈಟಿನಲ್ಲಿ ರಿವರ್ಸ್ ವೈರ್ ಹುಡುಕಿ. ಗೇರ್ ಹಾಕಿದಾಗ ಮಾತ್ರ ಹತ್ತಬೇಕು, ನ್ಯೂಟ್ರಲ್‌ಗೆ ತಂದರೆ ಆರಬೇಕು. ಬಣ್ಣ ನೋಡಿ ನಂಬಬೇಡಿ, ಹಳೇ ಗಾಡಿಯಲ್ಲಿ ಯಾರು ಯಾವಾಗ ಯಾವ ವೈರ್ ಬದಲಿಸಿದ್ದಾರೋ. ಸಿಕ್ಕಿದ ಮೇಲೆ ಕೀ ತೆಗೆದು ಬ್ಯಾಟರಿಯ ಮೈನಸ್ ಬಿಚ್ಚಿ ಕೆಲಸ ಶುರು ಮಾಡಿ.

ಕ್ಯಾಮೆರಾದ ಕೆಂಪು ವೈರನ್ನು ಒಂದು ಆಂಪಿಯರ್ ಫ್ಯೂಸ್ ಮೂಲಕ ಆ ವೈರಿಗೆ ಸೇರಿಸಿ. ಕಪ್ಪು ಅರ್ಥಿಂಗಿಗೆ. ಅರ್ಥಿಂಗ್ ಬೋಲ್ಟ್ ಕೆಳಗಿನ ಪೇಂಟ್ ಕೆರೆದು ಲೋಹ ಕಾಣುವಂತೆ ಮಾಡಿ. ಕೆರೆಯದಿದ್ದರೆ ಸ್ಕ್ರೀನಿನಲ್ಲಿ ಗೆರೆ ಓಡುತ್ತವೆ. ರಿವರ್ಸ್ ಬಲ್ಬ್ ಸಾಮಾನ್ಯವಾಗಿ 21 ವಾಟ್, ಎಳೆಯುವುದು ಎರಡು ಆಂಪಿಯರಿಗೂ ಕಡಿಮೆ. ಕ್ಯಾಮೆರಾ ಎಳೆಯುವುದು ಅದರಲ್ಲಿ ಒಂದು ಸಣ್ಣ ಪಾಲು. ಆ ವೈರಿಗೆ ಇದೇನೂ ಭಾರವಲ್ಲ.

ವೈರನ್ನು ಮುಂದಕ್ಕೆ ಚಾವಣಿಯ ಲೈನಿಂಗ್ ಒಳಗೆ ತನ್ನಿ, ನೆಲದ ಮೇಲೆ ಬೇಡ. ಓಮ್ನಿಯ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಅಲ್ಲಿನ ಬಿಸಿಗೆ ಇನ್ಸುಲೇಶನ್ ತಡೆಯುವುದಿಲ್ಲ. ಪಕ್ಕದಲ್ಲಿ ಜಾರುವ ಬಾಗಿಲಿನ ಹಳಿ ಇದೆ, ಅದಕ್ಕೆ ಸಿಕ್ಕಿದರೆ ವೈರ್ ತುಂಡು. ಗಾಡಿಯ ಉದ್ದ 3.37 ಮೀಟರ್ ಅಷ್ಟೇ, ಆರು ಮೀಟರ್ ಕೇಬಲ್ ಚಾವಣಿ ಸುತ್ತಿ ಬಂದರೂ ಸಾಕು. ಉಳಿದದ್ದನ್ನು ಹಿಂದೆಯೇ ಮಡಚಿ ಕಟ್ಟಿ. ಚಿತ್ರ ತರುವ ಹಳದಿ ಪಿನ್ನಿನ ಕೇಬಲ್ ಜೊತೆ ಒಂದು ತೆಳು ಕೆಂಪು ವೈರ್ ಇದ್ದರೆ ಅದರ ಹಿಂದಿನ ತುದಿಯನ್ನೂ ಫ್ಯೂಸಿನಿಂದ ಬಂದ ಲೈನಿಗೆ, ಮುಂದಿನ ತುದಿಯನ್ನು ಸ್ಕ್ರೀನಿನ ರಿವರ್ಸ್ ವೈರಿಗೆ ಕೊಡಿ. ಸ್ಕ್ರೀನಿಗೆ ಕರೆಂಟನ್ನು ಕೀ ಹಾಕಿದಾಗ ಮಾತ್ರ ಬರುವ ಕಡೆಯಿಂದ ತೆಗೆದುಕೊಳ್ಳಿ. ನೇರ ಬ್ಯಾಟರಿಯಿಂದ ಕೊಟ್ಟರೆ ನಿಂತ ಗಾಡಿಯಲ್ಲೂ ಬ್ಯಾಟರಿ ತಿನ್ನುತ್ತಿರುತ್ತದೆ.

ಇನ್ನು ನೀರು. ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ನಮ್ಮ ಮಲೆನಾಡಿನ ಒಂದು ಮಳೆಗಾಲ ದಾಟುವುದು ಕಷ್ಟ. ಚುಚ್ಚಿ ಒತ್ತುವ ಕ್ಲಿಪ್ಪೂ ಬೇಡ, ಅದು ವೈರಿನ ಮೈಗೆ ತೂತು ಮಾಡಿ ನೀರಿಗೆ ದಾರಿ ಬಿಡುತ್ತದೆ. ಬೆಸುಗೆ ಹಾಕಿ. ಮೇಲೆ ಬಿಸಿ ಮಾಡಿದರೆ ಕುಗ್ಗುವ, ಒಳಗೆ ಅಂಟು ಇರುವ ಸ್ಲೀವ್ ಹಾಕಿ. ಜಾಯಿಂಟ್ ಆದಷ್ಟು ಗಾಡಿಯ ಒಳಗಡೆ ಬರಲಿ. ತೂತು ಕೊರೆದ ಮೇಲೆ ಅಂಚು ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಪೇಂಟ್ ಹಚ್ಚಿ, ಒಣಗಿದ ಮೇಲೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕೂರಿಸಿ. ಇದನ್ನು ಬಿಟ್ಟರೆ ತೂತಿನ ಸುತ್ತ ತುಕ್ಕು ಹತ್ತಿ ಬಾಗಿಲಿಗೇ ಹರಡುತ್ತದೆ. ಕ್ಯಾಮೆರಾಕ್ಕೆ ಕೊಟ್ಟಷ್ಟೇ ಗಮನ ಈ ತೂತಿಗೂ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ವೈರ್ ತೂತಿಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಜೋತು ಬೀಳಲಿ. ನೀರು ಆ ಬಳುಕಿನ ತಳದಿಂದ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಸಿಲಿಕಾನ್ ಹಚ್ಚುವುದಾದರೆ ಹುಳಿ ವಾಸನೆಯದು ಬೇಡ, ಅದರ ಆಮ್ಲ ತಾಮ್ರ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ ತನ್ನಿ. ಡಿಕ್ಕಿ ಬಾಗಿಲು ಪೂರ್ತಿ ಎತ್ತಿದಾಗಲೂ ವೈರ್ ಬಿಗಿಯಾಗಬಾರದು, ಹಾಕಿದಾಗ ಬಾಗಿಲಿನ ಕೀಲಿನಲ್ಲಿ ಸಿಕ್ಕಬಾರದು.

ಕೊನೆಗೆ ಸ್ಕ್ರೀನಿನ ಕೆಂಪು, ಹಳದಿ, ಹಸಿರು ಗೆರೆ. ಅವು ನಿಮ್ಮ ಗಾಡಿಗೆ ಅಳೆದು ಹಾಕಿದವಲ್ಲ. ಬಂಪರಿನಿಂದ ಒಂದು ಮೀಟರ್, ಎರಡು ಮೀಟರ್ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸ್ಕ್ರೀನಿನ ಯಾವ ಬಣ್ಣ ಎಲ್ಲಿ ಬರುತ್ತದೆ ನೋಡಿಕೊಳ್ಳಿ. ಕಣದಲ್ಲಿ ಮಕ್ಕಳಿರುವಾಗ ಮಾತ್ರ, ಕ್ಯಾಮೆರಾ ಇದ್ದರೂ ಒಮ್ಮೆ ಇಳಿದು ಹಿಂದೆ ಸುತ್ತಿ ಬಂದೇ ಗೇರ್ ಹಾಕಿ.

ಪ್ರಶ್ನೆ: ನಮ್ಮ ಈಕೋದಲ್ಲಿ ಕಂಪನಿಯಿಂದಲೇ ಪಾರ್ಕಿಂಗ್ ಸೆನ್ಸರ್ ಬಂದಿದೆ. ಮೇಲೆ ಕ್ಯಾಮೆರಾ ಬೇಕಾ? ಗಾಡಿ ಸಿಎನ್‌ಜಿ.
– ಒಬ್ಬ ಓದುಗರು, ಚನ್ನರಾಯಪಟ್ಟಣ

ಉತ್ತರ: 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಸೆನ್ಸರ್ ಕಡ್ಡಾಯ, ಹಾಗಾಗಿ ನಿಮ್ಮದರಲ್ಲಿದೆ. ಸೆನ್ಸರ್ ಶಬ್ದದ ಅಲೆ ಬಿಟ್ಟು, ತಾಗಿ ಮರಳಿದ್ದನ್ನು ಕೇಳುತ್ತದೆ. ಗೋಡೆ ಹೇಳುತ್ತದೆ, ಚರಂಡಿ ಹೇಳುವುದಿಲ್ಲ. ಗುಂಡಿ, ಧರೆಯ ಅಂಚು, ತೆಳು ಕಬ್ಬಿಣದ ಸರಳು ಇವೆಲ್ಲ ಅದಕ್ಕೆ ತಪ್ಪಿಹೋಗಬಹುದು. ಅದಕ್ಕೇ ಕ್ಯಾಮೆರಾ ಬೇಕು ಅನ್ನುತ್ತೇನೆ. ಗಾಡಿಗೆ ವಾರಂಟಿ ಇದ್ದರೆ ವೈರ್ ಕತ್ತರಿಸುವ ಮುಂಚೆ ಶೋರೂಮಿನಲ್ಲಿ ಕೇಳಿ. ಸಿಎನ್‌ಜಿ ಆದ್ದರಿಂದ ನೆಲಕ್ಕೆ ಎಲ್ಲೂ ತೂತು ಕೊರೆಯಬೇಡಿ, ಸಿಲಿಂಡರ್ ಮತ್ತು ಗ್ಯಾಸ್ ಪೈಪಿಗೆ ವೈರ್ ಕಟ್ಟಬೇಡಿ.

ಪ್ರಶ್ನೆ: ಕ್ಯಾಮೆರಾ ಹಾಕಿಸಿ ವರ್ಷವಾಗಿಲ್ಲ, ಚಿತ್ರ ಮಂಜು ಮಂಜು. ಐಪಿ67 ಅಂತ ಬರೆದಿತ್ತು.
– ಒಬ್ಬ ಓದುಗರು, ಸಕಲೇಶಪುರ

ಉತ್ತರ: ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಹೋದರೆ ಅದು ಹೊರಗಿನ ಇಬ್ಬನಿ. ಹೋಗದಿದ್ದರೆ ಲೆನ್ಸಿನ ಒಳಗೆ ತೇವ ಸೇರಿರಬಹುದು. ಐಪಿ67 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು ಅಂತ. ಜೋರಾಗಿ ನುಗ್ಗುವ ನೀರಿಗೆ ಆ ಮಾತು ಅನ್ವಯಿಸುವುದಿಲ್ಲ. ವಾಟರ್ ಸರ್ವಿಸ್‌ನವರಿಗೆ ಮೊದಲೇ ಹೇಳಿ, ಗನ್ ಕ್ಯಾಮೆರಾದ ಮೇಲೆ ಹಿಡಿಯಬಾರದು. ಒಳಗೆ ತೇವ ಸೇರಿದ ಕ್ಯಾಮೆರಾ ಬಿಚ್ಚಿ ಒಣಗಿಸಿದರೂ ಮತ್ತೆ ಮೊದಲಿನಂತೆ ಮುಚ್ಚಲು ಬರುವುದಿಲ್ಲ. ಬಿಲ್ ಇದ್ದರೆ ಬದಲಿ ಕೇಳಿ, ಇಲ್ಲದಿದ್ದರೆ ಕ್ಯಾಮೆರಾ ಮಾತ್ರ ಹೊಸದು ತನ್ನಿ. ಕೇಬಲ್, ಸ್ಕ್ರೀನ್ ಹಳೆಯದೇ ಸಾಕು. ಅಂಗಡಿಗೆ ಹೋಗುವಾಗ ಹಳೇ ಕ್ಯಾಮೆರಾ ಜೊತೆಗಿರಲಿ. ಎಎಚ್‌ಡಿ ಅನ್ನುವ, ಹೆಚ್ಚು ಸ್ಪಷ್ಟ ಚಿತ್ರದ ಬೇರೆ ಬಗೆಯ ಕ್ಯಾಮೆರಾ ಕೊಟ್ಟುಬಿಟ್ಟರೆ ಹಳೇ ಸ್ಕ್ರೀನಿನಲ್ಲಿ ಚಿತ್ರವೇ ಬರದೆ ಹೋಗಬಹುದು.