ಮೊದಲು ಬಿಸಿಲಿಗೆ ಕೋಲು ನೆಡಿಸಿ, ಸಾಫ್ಟ್‌ವೇರ್ ಆಮೇಲೆ

ಪ್ರಶ್ನೆ: ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಕಲಿಸುತ್ತೇನೆ. ಸುಸ್ಥಿರ ಕಟ್ಟಡ ವಿನ್ಯಾಸ ಕಲಿಸೋಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಈ ಪ್ರಶ್ನೆ ಕೇಳಿ ಕೇಳಿ ಬೇಜಾರಾಗಿದೆ. ಸಾಫ್ಟ್‌ವೇರ್ ಯಾವುದಾದರೂ ಸರಿ. ನಮ್ಮೂರಲ್ಲಿ ಸೂರ್ಯ ಎಲ್ಲಿರುತ್ತಾನೆ ಅಂತ ನಿಮ್ಮ ಹುಡುಗರಿಗೆ ಗೊತ್ತಾ? ವಿದ್ಯಾರ್ಥಿಗಳ ವಿನ್ಯಾಸಕ್ಕೆ ಅಂಕ ಹಾಕುವ ಜ್ಯೂರಿಗೆ ಹೋದಲ್ಲೆಲ್ಲ ದಕ್ಷಿಣದ ಗೋಡೆ ಪೂರ್ತಿ ಗಾಜು ಮಾಡಿದ ಡ್ರಾಯಿಂಗ್ ಕಾಣುತ್ತದೆ. ಕೇಳಿದರೆ, ‘ಪುಸ್ತಕದಲ್ಲಿ ಹಾಗೇ ಇದೆ’ ಅಂತಾರೆ. ಅದು ಚಳಿ ದೇಶದ ಪುಸ್ತಕ. ಅಲ್ಲಿ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳಬೇಕು, ಇಲ್ಲಿ ಹೊರಗೇ ತಡೆಯಬೇಕು.

ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಲ್ಲಿ ಒಂದು ದಿನ, ಮಧ್ಯಾಹ್ನ 12.20ರ ಸುಮಾರಿಗೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಅಂದರೆ ಬೇಸಿಗೆಯ ಹೊಡೆತ ಬೀಳುವುದು ಮಾಳಿಗೆ ಮೇಲೆ, ಆಮೇಲೆ ಪಶ್ಚಿಮದ ಗೋಡೆ ಮೇಲೆ. ಮೇ ತಿಂಗಳ ಸಂಜೆ 4ಕ್ಕೆ ಪಶ್ಚಿಮದ ಕಿಟಕಿಗೆ 2 ಅಡಿ ಛಜ್ಜಾ (ಕಿಟಕಿ ಮೇಲೆ ಹೊರಚಾಚಿದ ಚಪ್ಪಡಿ) ಇದ್ದರೂ ಸಿಗುವ ನೆರಳು ಸುಮಾರು ಒಂದೂವರೆ ಅಡಿ ಅಷ್ಟೇ. ಇದನ್ನು ಹುಡುಗರು ಕೈಯಲ್ಲೇ ಲೆಕ್ಕ ಹಾಕಲಿ, ಕ್ಲಾಸಿನ ಕಿಟಕಿಯಲ್ಲೇ ಟೇಪ್ ಹಿಡಿದು ಅಳೆಯಲಿ.

ಆಮೇಲೆ ಮಾಳಿಗೆ. ಎರಡು ಶಹಾಬಾದ್ ಕಲ್ಲು ಇಡಿಸಿ, ಒಂದಕ್ಕೆ ಸುಣ್ಣ ಬಳಿಸಿ. ಮಧ್ಯಾಹ್ನ 2ಕ್ಕೆ ಎರಡರ ಬಿಸಿಯನ್ನೂ ಅಳೆಯಿಸಿ. ರಾತ್ರಿ 8ಕ್ಕೆ ಕೆಳಗೆ ಬಂದು ಸ್ಲ್ಯಾಬಿನ ಅಡಿಭಾಗ ಅಳೆಯಿಸಿ. ಹಗಲು ಹೀರಿದ ಶಾಖವನ್ನು ಆರ್‌ಸಿಸಿ ರಾತ್ರಿ ಕೋಣೆಗೆ ಬಿಡುತ್ತದೆ, ಫ್ಯಾನ್ ಹಾಕಿದರೆ ಬಿಸಿಗಾಳಿ ಬರುವುದು ಅದಕ್ಕೇ. ನಮ್ಮ ಹಳೇ ಮನೆಗಳಲ್ಲಿ ಮರದ ತೊಲೆ ಮೇಲೆ ಮಣ್ಣು ದಪ್ಪಗೆ ಹಾಕುತ್ತಿದ್ದದ್ದು ಯಾಕೆ ಅಂತ ಆಗ ಅವರೇ ಹೇಳುತ್ತಾರೆ. ಆದರೆ ಪ್ಯಾರಾಪೆಟ್ ಇಲ್ಲದ ಮಾಳಿಗೆಗೆ ಯಾರನ್ನೂ ಹತ್ತಿಸಬೇಡಿ. ಬೇಸಿಗೆ ಮಧ್ಯಾಹ್ನ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸಲೂಬೇಡಿ, ತಲೆ ಮೇಲೆ ಬಟ್ಟೆ ಇರಲಿ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಇದು ಕಷ್ಟ ಅಲ್ವಾ? (ಯಾದಗಿರಿಯ ಶಿಕ್ಷಕರು)

ಉತ್ತರ: ಇಲ್ಲ, ಹತ್ತನೇ ಕ್ಲಾಸಿನ ತ್ರಿಕೋನಮಿತಿ ಸಾಕು.

ಪ್ರಶ್ನೆ: ಗೋಡೆಗೆಲ್ಲ ಗಿಡ ಬೆಳೆಸಿದರೆ ಹಸಿರು ಕಟ್ಟಡ ಆಗುತ್ತಾ?

ಉತ್ತರ: ಆಗಲ್ಲ. ಏಪ್ರಿಲ್‌ನಲ್ಲಿ ಅದಕ್ಕೆ ನೀರು ಎಲ್ಲಿಂದ ತರುತ್ತೀರಿ?

ಪ್ರಶ್ನೆ: ಎರಡೇ ದಿನದಲ್ಲಿ ‘ಹಸಿರು ಕಟ್ಟಡ ತಜ್ಞ’ ಸರ್ಟಿಫಿಕೇಟ್ ಕೊಡುತ್ತಾರಂತೆ. ವಿದ್ಯಾರ್ಥಿಗಳನ್ನು ಕಳಿಸಲಾ? (ಬೀದರಿನ ಉಪನ್ಯಾಸಕಿ)

ಉತ್ತರ: ದಯವಿಟ್ಟು ಬೇಡ. ಹಾಗೆ ತಜ್ಞರಾದವರೇ ಆಮೇಲೆ ಪಶ್ಚಿಮಕ್ಕೆ ಗಾಜು ಹಾಕಿಸಿ ಎಸಿ ಮಾರುತ್ತಾರೆ. ಮನೆಗಳಲ್ಲಿ ಇಂಧನ ಉಳಿಸೋಕೆ ಕೇಂದ್ರ ಸರ್ಕಾರ ಮಾಡಿದ 2018ರ ಇಕೋ ನಿವಾಸ್ ಸಂಹಿತೆ ಪುಕ್ಕಟೆ ಸಿಗುತ್ತದೆ, ಅದನ್ನು ಕ್ಲಾಸಿನಲ್ಲೇ ಕೂತು ಓದಿಸಿ. ಮಾಳಿಗೆಯ ಯು-ಮೌಲ್ಯ, ಅಂದರೆ ಅದರ ಮೂಲಕ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಅನ್ನುವ ಅಳತೆ, 1.2 ದಾಟಬಾರದು ಅನ್ನುತ್ತದೆ ಅದು. ಬರೀ ಆರ್‌ಸಿಸಿ ಸ್ಲ್ಯಾಬ್ ಅದರ ಹತ್ತಿರಕ್ಕೂ ಬರುವುದಿಲ್ಲ. ಏನು ಸೇರಿಸಿದರೆ ಬರುತ್ತದೆ ಅನ್ನುವುದನ್ನು ವಿದ್ಯಾರ್ಥಿಗಳೇ ಹುಡುಕಲಿ.