ಉತ್ತರ ಕೊರಿಯಾದಲ್ಲಿ ಕ್ರೀಮು, ಲಿಪ್‌ಸ್ಟಿಕ್ ಯಾರು ಮಾಡ್ತಾರೆ?

ಉತ್ತರ ಕೊರಿಯಾದ ಹೆಂಗಸರು ಮೇಕಪ್ ಮಾಡಿಕೊಳ್ಳುತ್ತಾರಾ, ಆ ಸಾಮಾನು ಎಲ್ಲಿಂದ ಬರುತ್ತದೆ, ನಾವೂ ತರಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಪೀಣ್ಯದಲ್ಲಿ ಕ್ರೀಮು, ಲೋಷನ್ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಈ ಸುದ್ದಿ ಎಲ್ಲಿ ಕಂಡರೂ ಬಿಡದೆ ಓದುತ್ತೇನೆ.

ಮಾಡಿಕೊಳ್ಳುತ್ತಾರೆ. ಸಾಮಾನು ಸರ್ಕಾರದ್ದೇ. ಮುಖ್ಯವಾಗಿ ಎರಡು ಫ್ಯಾಕ್ಟರಿ. ಹಳೆಯದು ಸಿನುಯಿಜು ಊರಿನದು, 1949ರದ್ದು. ಅದರ ಬ್ರ್ಯಾಂಡ್ ‘ಬೊಮ್‌ಹ್ಯಾಂಗಿ’. ಇನ್ನೊಂದು ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ 1962ರಲ್ಲಿ ಶುರುವಾದದ್ದು, ಬ್ರ್ಯಾಂಡ್ ‘ಉನ್ಹಾಸು’. ಕೇಸಾಂಗ್ ಕಡೆ ಬೆಳೆಯುವ ಜಿನ್ಸೆಂಗ್ ಬೇರು ಅವರ ಹೆಮ್ಮೆ. ನಮ್ಮಲ್ಲಿ ಅಲೋವೆರಾ ಇದ್ದ ಹಾಗೆ, ಸುಮಾರು ಡಬ್ಬಿಗಳ ಮೇಲೆ ಅದರ ಹೆಸರು.

ಸರ್ಕಾರಿ ಮಾಲು ಅಂದಕೂಡಲೇ ಮೂಗು ಮುರಿಯಬೇಡಿ. ಮೈಸೂರು ಸ್ಯಾಂಡಲ್ ಸೋಪೂ ಸರ್ಕಾರದ್ದೇ, ಅಲ್ವಾ? ಆದರೆ ನಮ್ಮ ಅಂಗಡಿಯಲ್ಲಿ ಅದರ ಪಕ್ಕ ಇನ್ನೂ ಹತ್ತು ಥರದ ಸೋಪು ಇರುತ್ತದೆ. ಅಲ್ಲಿ ಹಾಗಿರಲಿಲ್ಲ. ಕೊಟ್ಟಿದ್ದನ್ನು ಹಚ್ಚಿಕೊಳ್ಳಬೇಕಿತ್ತು.

ಇದು ಬದಲಾದದ್ದು ಹಸಿವಿನಿಂದ. 1990ರ ದಶಕದ ಬರಗಾಲದಲ್ಲಿ ರೇಷನ್ ನಿಂತುಹೋಯಿತು. ಜನ ಹೊಟ್ಟೆಪಾಡಿಗೆ ತಾವೇ ಸಂತೆ ಕಟ್ಟಿಕೊಂಡರು. ಜಂಗ್‌ಮಾದಾಂಗ್ ಅನ್ನುತ್ತಾರೆ. ಅಲ್ಲಿಗೆ ಚೀನಾ ಮಾಲು ಬಂತು, ಅದರ ಬೆನ್ನಿಗೆ ಕದ್ದುಮುಚ್ಚಿ ದಕ್ಷಿಣ ಕೊರಿಯಾದ ಕ್ರೀಮೂ ಬಂತು. ಸಿನುಯಿಜು ಇರೋದೇ ಯಾಲು ನದಿ ದಡದಲ್ಲಿ, ಆಚೆ ದಡ ಚೀನಾದ ಡ್ಯಾಂಡಾಂಗ್. ಸರ್ಕಾರಿ ಡಬ್ಬಿಗೆ ಮೊದಲ ಸಲ ಪೈಪೋಟಿ ಹುಟ್ಟಿತು.

ಅದರ ಬಿಸಿ ಮೇಲಿನವರೆಗೂ ಮುಟ್ಟಿತು ಅಂತ ನನಗನ್ನಿಸೋದು 2015ರ ಒಂದು ಸುದ್ದಿಯಿಂದ. ಪ್ಯಾಂಗ್ಯಾಂಗ್ ಫ್ಯಾಕ್ಟರಿಗೆ ಹೋಗಿದ್ದ ಕಿಮ್ ಜಾಂಗ್ ಉನ್, ವಿದೇಶಿ ಮಸ್ಕರಾ ನೀರಿಗಿಳಿದರೂ ಅಳಿಸಲ್ಲ, ನಮ್ಮದು ಆಕಳಿಸಿದರೆ ಸಾಕು ಕಣ್ಣ ಸುತ್ತ ಕಪ್ಪು ಹರಡಿಕೊಳ್ಳುತ್ತದೆ ಎಂದರಂತೆ. ಜಪಾನಿನಲ್ಲಿರುವ ಅವರದೇ ಪರವಾದ ಪತ್ರಿಕೆ ಇದನ್ನು ವರದಿ ಮಾಡಿತು.

ಜನ ಇದನ್ನು ಜೋಕಿನಂತೆ ಹಂಚಿಕೊಂಡರು. ನನಗೆ ಮಾತ್ರ ನಮ್ಮ ಕ್ವಾಲಿಟಿ ಮೀಟಿಂಗಿನ ದೂರು ಕೇಳಿದಂತಾಯಿತು! ಆಕಳಿಸಿದಾಗ ಕಣ್ಣಲ್ಲಿ ನೀರಾಡುತ್ತದೆ. ಸಾದಾ ಮಸ್ಕರಾದಲ್ಲಿ ಮೇಣ, ನೀರು ಎರಡನ್ನೂ ಹಿಡಿದಿಡುವುದು ಹೆಚ್ಚಾಗಿ ಸ್ಟಿಯರಿಕ್ ಆಸಿಡ್‌ನಿಂದ ಆದ ಒಂಥರಾ ಸೋಪು. ಒಣಗಿದ ಮೇಲೂ ಅದು ರೆಪ್ಪೆಯ ಮೇಲೇ ಇರುತ್ತದೆ. ಒಂದು ಹನಿ ತಾಗಿದರೆ ಕಪ್ಪನ್ನೂ ಎಬ್ಬಿಸಿಕೊಂಡು ಕೆಳಗಿಳಿಯುತ್ತದೆ. ನಿಲ್ಲಬೇಕು ಅಂದರೆ ನೀರಿನ ಬದಲು ಬೇಗ ಆರುವ ಎಣ್ಣೆಯಂಥ ದ್ರಾವಕ ಬೇಕು, ಒಣಗಿದ ಮೇಲೆ ಪೊರೆ ಕಟ್ಟುವ ರಾಳ ಬೇಕು. ಇವೆಲ್ಲ ದೊಡ್ಡ ಕೆಮಿಕಲ್ ಕಂಪನಿಗಳ ಮಾಲು. ಕೆಲಸಗಾರರನ್ನು ಗದರಿದರೆ ಬರೋದಿಲ್ಲ.

ಆಮೇಲೆ ಫ್ಯಾಕ್ಟರಿಯನ್ನು ಹೊಸದಾಗಿ ಕಟ್ಟಿದರು. 2017ರ ಅಕ್ಟೋಬರ್‌ನಲ್ಲಿ ಕಿಮ್ ಹೆಂಡತಿ ರಿ ಸೋಲ್ ಜು ಜೊತೆ ನೋಡಲು ಬಂದರು. ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಆ ದೇಶಕ್ಕೆ ಕೈಗಾರಿಕಾ ಯಂತ್ರ ಮಾರುವುದನ್ನೇ ನಿಷೇಧಿಸಿತು. ಫಿಲ್ಲಿಂಗ್ ಮೆಷಿನ್ನಿನ ಒಂದು ನಾಝಲ್ ಹೋದರೆ ನಮ್ಮ ಲೈನ್ ನಿಂತುಬಿಡುತ್ತದೆ, ಫೋನ್ ಮಾಡಿದರೆ ಹೊಸದು ಬರುತ್ತದೆ. ಅಲ್ಲಿ ಕಾನೂನು ಪ್ರಕಾರ ಆ ದಾರಿಯೇ ಇಲ್ಲ. 2020ರಲ್ಲಿ ಕೋವಿಡ್ ಅಂತ ಗಡಿಯನ್ನೂ ಮುಚ್ಚಿದರು. ಹೊಳೆಯುವ ಹೊಸ ಪ್ಯಾಕಿಂಗ್ ನೋಡಿ ಗುಣಮಟ್ಟ ಅಳೆಯಲು ನನಗೆ ಮನಸ್ಸಾಗದಿರುವುದು ಇದಕ್ಕೇ.

ತರಿಸಿಕೊಳ್ಳುವ ಆಸೆ ಬಿಡಿ. ಭಾರತ 2017ರಲ್ಲೇ ಆಹಾರ, ಔಷಧಿ ಬಿಟ್ಟು ಉತ್ತರ ಕೊರಿಯಾ ಜೊತೆಗಿನ ಬೇರೆ ವ್ಯಾಪಾರ ನಿಲ್ಲಿಸಿದೆ. ‘ಉನ್ಹಾಸು’ ಅಂತ ಯಾರಾದರೂ ಆನ್‌ಲೈನ್‌ನಲ್ಲಿ ಮಾರುತ್ತಿದ್ದರೆ ಅದು ನಕಲಿ ಇಲ್ಲವೇ ಕಳ್ಳಮಾಲು. ಎರಡನ್ನೂ ಮುಖಕ್ಕೆ ಹಚ್ಚಬೇಡಿ.